ಒತ್ತಿದ್ದು ಕುತ್ತಿಗೆಯಲ್ಲಿ, ಜೋಮು ಬೆರಳಿನಲ್ಲಿ!

ಉತ್ತರಪತ್ರಿಕೆ ತಿದ್ದುವ ದಿನಗಳು. ತಲೆ ಬಗ್ಗಿಸಿ ಕುಳಿತದ್ದೇ ಕುಳಿತದ್ದು. ಮೂರನೇ ದಿನ ಬಲ ಭುಜದಿಂದ ಕೈಗೆ ಕರೆಂಟು ಹೊಡೆದ ಹಾಗೆ ನೋವು, ನಡುಬೆರಳಿಗೆ ಜೋಮು. "ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಗೆ ತೆಗೆಸಿ ಮಾಷ್ಟ್ರೇ, ಸರಿಯಾಗ್ತದೆ" ಎಂದರು ಸಹೋದ್ಯೋಗಿಯೊಬ್ಬರು. ನಾನು ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು. ಯಾಕೆ ಅಂತ ನೋಡೋಣ.

ನಮ್ಮ ಕುತ್ತಿಗೆಯಲ್ಲಿ 7 ಕಶೇರುಮಣಿಗಳಿವೆ (ಜಿರಾಫೆಗೂ ಅಷ್ಟೇ!). ಮೊದಲ ಮಣಿಯ ಮೇಲಿನಿಂದಲೂ ಒಂದು ಜೊತೆ ನರ ಹೊರಡುವುದರಿಂದ ಇಲ್ಲಿನ ನರಗಳು 8 ಜೊತೆ. ಮಣಿಗಳ ನಡುವೆ ಮೆತ್ತೆಯಂತೆ ಡಿಸ್ಕ್ ಇರುತ್ತದೆ. ಅದು ಉಬ್ಬಿದರೆ, ಅಥವಾ ವಯಸ್ಸಾದಂತೆ ಎಲುಬಿನ ಅಂಚು ಬೆಳೆದರೆ, ನರ ಹೊರಡುವ ಕಿಂಡಿ ಇಕ್ಕಟ್ಟಾಗುತ್ತದೆ. ಒತ್ತಿದ್ದು ನರದ ಬುಡವಾದರೂ ಮಿದುಳಿಗೆ ಅದು ಬೆರಳಿನಿಂದ ಬಂದ ಸುದ್ದಿಯೇ. ಸಾಮಾನ್ಯವಾಗಿ 6ನೇ ನರಕ್ಕೆ ಹೆಬ್ಬೆರಳು, 7ನೆಯದಕ್ಕೆ ನಡುಬೆರಳು, 8ನೆಯದಕ್ಕೆ ಕಿರುಬೆರಳು. ಯಾವ ಬೆರಳಿಗೆ ಜೋಮು ಎಂದು ವೈದ್ಯರು ಮೊದಲು ಕೇಳುವುದು ಇದಕ್ಕೇ.

ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ.

1. ಕಾಯುವುದು: ಹೆಚ್ಚಿನವರಿಗೆ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ. ನೋವು ಹೆಚ್ಚಿಸುವ ಕೆಲಸ ಬಿಡಬೇಕು, ಹಾಗಂತ ಮಲಗಿಯೇ ಇರಬಾರದು. ಕಾಲರ್ ಪಟ್ಟಿ ಸ್ವಲ್ಪ ದಿನಕ್ಕೆ ಮಾತ್ರ. ಬಹುಕಾಲ ಕಟ್ಟಿದರೆ ಕುತ್ತಿಗೆಯ ಸ್ನಾಯುಗಳೇ ಬಲ ಕಳೆದುಕೊಳ್ಳುತ್ತವೆ.

2. ಮಾತ್ರೆ: ನೋವು, ಊತ ಇಳಿಸುವ ಗುಳಿಗೆಗಳನ್ನು ವೈದ್ಯರು ಕೊಡುತ್ತಾರೆ. ಇವು ಹೊಟ್ಟೆಗೆ, ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದಾದ್ದರಿಂದ ಮೆಡಿಕಲ್ ಅಂಗಡಿಯಿಂದ ನಾವೇ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ.

3. ಫಿಸಿಯೋಥೆರಪಿ: ನೋವು ಸ್ವಲ್ಪ ಇಳಿದ ಮೇಲೆ ಕುತ್ತಿಗೆ, ಭುಜದ ವ್ಯಾಯಾಮ.

4. ಇಂಜೆಕ್ಷನ್: ಇಷ್ಟರಲ್ಲಿ ತಗ್ಗದಿದ್ದರೆ ಕೆಲವರಿಗೆ ನರದ ಬುಡದ ಹತ್ತಿರ ಸ್ಟೀರಾಯ್ಡ್ ಕೊಡುತ್ತಾರೆ. ಅಪಾಯ ಕಡಿಮೆ, ಆದರೆ ಇಲ್ಲದೇ ಇಲ್ಲ.

5. ಶಸ್ತ್ರಚಿಕಿತ್ಸೆ: ವಾರಗಟ್ಟಲೆ ಚಿಕಿತ್ಸೆ ಮಾಡಿಯೂ ನೋವು ತಡೆಯಲಾಗದಿದ್ದರೆ, ಅಥವಾ ಕೈಯ ಬಲ ಕುಂದುತ್ತಿದ್ದರೆ. ಕುತ್ತಿಗೆಯ ಮುಂಭಾಗದಿಂದ ಡಿಸ್ಕ್ ತೆಗೆದು ಎರಡು ಮಣಿಗಳನ್ನು ಬೆಸೆಯುವುದು ಒಂದು ವಿಧಾನ. ಕೃತಕ ಡಿಸ್ಕ್ ಇಡುವುದು, ಹಿಂದಿನಿಂದ ಕಿಂಡಿ ಅಗಲ ಮಾಡುವುದು ಬೇರೆ ವಿಧಾನಗಳು.

ಆದರೆ ನಡೆಯುವಾಗ ತೂರಾಡುವುದು, ಅಂಗಿಯ ಗುಂಡಿ ಹಾಕಲು ಆಗದಿರುವುದು, ಮಲಮೂತ್ರದ ಹಿಡಿತ ತಪ್ಪುವುದು, ಇವು ಕಂಡರೆ ಕಾಯಲೇಬೇಡಿ. ಒತ್ತಿದ್ದು ನರದ ಬುಡವಲ್ಲ, ಬೆನ್ನುಹುರಿಯೇ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ನೆಟಿಗೆಯ ವಿಚಾರ. ಕುತ್ತಿಗೆಯ ಮಣಿಗಳ ರಂಧ್ರಗಳ ಮೂಲಕವೇ ಮಿದುಳಿಗೆ ರಕ್ತನಾಳಗಳು ಹೋಗುತ್ತವೆ. ಫಕ್ಕನೆ ತಿರುಚಿದರೆ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದದ್ದೂ ಉಂಟು.

ನನ್ನ ಜೋಮು ಎರಡು ತಿಂಗಳಲ್ಲಿ ಹೋಯಿತು. ಈಗ ಪತ್ರಿಕೆ ತಿದ್ದುವಾಗ ಅರ್ಧ ಗಂಟೆಗೊಮ್ಮೆ ಏಳುತ್ತೇನೆ.

ತರಗತಿಗೆ: ನಾಲ್ಕು ಖಾಲಿ ನೂಲಿನ ಉರುಳೆಗಳ ನಡುವೆ ಸ್ಪಂಜಿನ ತುಂಡು ಇಟ್ಟು ಜೋಡಿಸಿ, ಸ್ಪಂಜಿನ ಅಂಚಿಗೆ ತಾಗಿದಂತೆ ಒಂದು ದಾರ ಇಳಿಬಿಡಿ. ಉರುಳೆಗಳನ್ನು ಒಂದು ಬದಿಗೆ ಬಾಗಿಸಿ ಒತ್ತಿದಾಗ ಸ್ಪಂಜು ಎಲ್ಲಿ ಉಬ್ಬುತ್ತದೆ, ದಾರಕ್ಕೆ ಏನಾಗುತ್ತದೆ? ಮಕ್ಕಳೇ ಹೇಳಲಿ.