ಬ್ರೆಸ್ಟ್ ಲಿಫ್ಟ್ ಸರಿಹೋಗಲಿಲ್ಲವೇ? ಮೊದಲು ಫೈಲ್ ತರಿಸಿಕೊಳ್ಳಿ

ತುಮಕೂರಿನ ಸದಾಶಿವನಗರದಿಂದ ಬೆಂಗಳೂರು ಸುಮಾರು 70 ಕಿ.ಮೀ. ಜೋತುಬಿದ್ದ ಸ್ತನವನ್ನು ಎತ್ತಿಸುವ ಆಪರೇಷನ್‌ಗೆ ಈ ದೂರ ಅನುಕೂಲವೇ. ಬೀದಿಯವರಿಗೆ ಗೊತ್ತಾಗುವುದಿಲ್ಲ, ನೆಂಟರಿಗೆ ಉತ್ತರ ಕೊಡಬೇಕಿಲ್ಲ. ಆದರೆ ಮಾಡಿಸಿಕೊಂಡದ್ದು ಮನಸ್ಸಿಗೆ ಬರದಿದ್ದರೆ ಅದೇ ದೂರ ಕಾಡತೊಡಗುತ್ತದೆ. ಮರುತಪಾಸಣೆ ತಪ್ಪುತ್ತದೆ, ಫೈಲ್ ಅಲ್ಲೇ ಉಳಿಯುತ್ತದೆ, ಇಲ್ಲಿನ ಡಾಕ್ಟರ ಮುಂದೆ ಬಾಯಿಬಿಡಲು ಸಂಕೋಚ. ಗುಬ್ಬಿ, ಕುಣಿಗಲ್ ಕಡೆಯಿಂದ ಹೋಗಿಬಂದವರ ಪಾಡೂ ಬೇರೆಯಲ್ಲ. ಸರಿಪಡಿಸಿಕೊಳ್ಳಲು ದಾರಿಯಿದೆ. ಆದರೆ ಆ ದಾರಿ ಇನ್ನೊಂದು ಆಪರೇಷನ್‌ನಿಂದ ಶುರುವಾಗುವುದಿಲ್ಲ.

ಕಾಯಬಾರದ ಸಂಗತಿಗಳು

ಜ್ವರ, ಗಾಯದ ಸುತ್ತ ಹರಡುತ್ತಿರುವ ಕೆಂಪು, ವಾಸನೆಯ ಕೀವು, ಒಂದೇ ಕಡೆ ದಿಢೀರ್ ಊತ, ಮೊಲೆತೊಟ್ಟು ನೀಲಿ ಅಥವಾ ಕಪ್ಪಾಗುವುದು: ಇವು ಅಂದದ ಪ್ರಶ್ನೆಗಳಲ್ಲ. ಮೀನಖಂಡದಲ್ಲಿ ನೋವು-ಊತ, ಉಸಿರಾಟದ ತೊಂದರೆ ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಬೆಂಗಳೂರಿನ ಡಾಕ್ಟರು ಫೋನ್ ಎತ್ತಲಿ ಎಂದು ಕೂರಬೇಡಿ. ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ, ಏನು ಆಪರೇಷನ್ ಆಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ.

ಉಳಿದದ್ದಕ್ಕೆ ಆರು ತಿಂಗಳು, ಸಾಧ್ಯವಾದರೆ ವರ್ಷ

ಮೊದಲ ವಾರಗಳಲ್ಲಿ ಸ್ತನ ಬಿಗಿಯಾಗಿ, ಮೇಲ್ಭಾಗ ಉಬ್ಬಿ, ಕೆಳಭಾಗ ಚಪ್ಪಟೆಯಾಗಿ ಕಾಣುವುದು ಸಹಜ. ಊತ ಇಳಿದು ಆಕಾರ ನೆಲೆಗೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಕಲೆ ಮೊದಲ ಕೆಲವು ತಿಂಗಳು ಕೆಂಪಾಗಿ, ಗಡುಸಾಗಿ ಹೆದರಿಸುತ್ತದೆ. ಅದು ಮಾಗಲು 12ರಿಂದ 18 ತಿಂಗಳು ಹಿಡಿಯುತ್ತದೆ. ಜೋಮುಗಟ್ಟಿದ ಸ್ಪರ್ಶವೂ ನಿಧಾನವಾಗಿಯೇ ಮರಳುತ್ತದೆ, ಕೆಲವರಿಗೆ ಪೂರ್ತಿ ಮರಳುವುದಿಲ್ಲ. ಎರಡನೇ ತಿಂಗಳಲ್ಲೇ ‘ಮತ್ತೆ ಕೊಯ್ದು ಸರಿ ಮಾಡ್ತೀನಿ’ ಎನ್ನುವ ಡಾಕ್ಟರ ಬಗ್ಗೆ ನನಗಂತೂ ಅನುಮಾನ.

ಕಾಯುವ ಕಾಲದಲ್ಲೂ ಕೆಲಸವಿದೆ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ಕೈ ಇಳಿಬಿಟ್ಟು ನಿಂತು ಎದುರಿನಿಂದ ಮತ್ತು ಎರಡೂ ಬದಿಯಿಂದ ಫೋಟೊ ತೆಗೆದಿಡಿ. ಕತ್ತಿನ ಬುಡದ ಗುಳಿಯಿಂದ ಎರಡೂ ತೊಟ್ಟುಗಳಿಗೆ ಟೇಪ್ ಹಿಡಿದು ಅಳೆಯಿರಿ. ಅರ್ಧ, ಒಂದು ಸೆಂ.ಮೀ. ವ್ಯತ್ಯಾಸ ಆಪರೇಷನ್ ಆಗದವರಲ್ಲೂ ಇರುತ್ತದೆ. ಗಾಯ ಪೂರ್ತಿ ಒಣಗಿದ ಮೇಲೆ ಡಾಕ್ಟರ ಒಪ್ಪಿಗೆ ಪಡೆದು ಸಿಲಿಕೋನ್ ಹಾಳೆ ಅಥವಾ ಜೆಲ್ ಶುರುಮಾಡಬಹುದು. ಹಾಳೆಯಾದರೆ ದಿನಕ್ಕೆ 12 ಗಂಟೆಗೂ ಹೆಚ್ಚು ಅಂಟಿಸಿಕೊಂಡು ಎರಡು–ಮೂರು ತಿಂಗಳಾದರೂ ಮುಂದುವರಿಸಬೇಕು. ನಮ್ಮ ಕಂದು ಮೈಬಣ್ಣದವರಲ್ಲಿ ಉಬ್ಬಿದ ಕಲೆ, ಕೀಲಾಯ್ಡ್ (ಗಾಯದ ಅಂಚು ಮೀರಿ ಬೆಳೆಯುವ ಕಲೆ) ಹೆಚ್ಚು. ಅದಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದಿದೆ. ಕೀಲಾಯ್ಡನ್ನು ಬರೀ ಕತ್ತರಿಸಿ ತೆಗೆದರೆ ಮೊದಲಿಗಿಂತ ದೊಡ್ಡದಾಗಿ ಬೆಳೆಯಬಹುದು.

ಆಪರೇಷನ್ ನೋಟ್ ಎಲ್ಲಿದೆ?

ಬಹಳಷ್ಟು ಮಂದಿ ಕೈಯಲ್ಲಿರುವುದು ಡಿಸ್ಚಾರ್ಜ್ ಸಮರಿ ಮಾತ್ರ. ಅದರಲ್ಲಿ ‘ಜಿಎ ಕೊಟ್ಟು ಎರಡೂ ಕಡೆ ಮ್ಯಾಸ್ಟೊಪೆಕ್ಸಿ ಮಾಡಲಾಗಿದೆ’ (ಪೂರ್ಣ ಅರಿವಳಿಕೆಯಲ್ಲಿ ಬ್ರೆಸ್ಟ್ ಲಿಫ್ಟ್) ಎಂಬ ಒಂದು ಸಾಲು, ಕೆಳಗೆ ಮಾತ್ರೆಗಳ ಪಟ್ಟಿ. ಎರಡನೇ ಸರ್ಜನ್‌ಗೆ ಇದರಿಂದ ಏನೂ ತಿಳಿಯುವುದಿಲ್ಲ.

ಲಿಫ್ಟ್ ಮಾಡುವಾಗ ಮೊಲೆತೊಟ್ಟನ್ನು ಕಿತ್ತು ಮೇಲೆ ಅಂಟಿಸುವುದಿಲ್ಲ. ರಕ್ತನಾಳಗಳಿರುವ ಅಂಗಾಂಶದ ಒಂದು ಪಟ್ಟಿಗೆ ಅಂಟಿಕೊಂಡಿರುವಂತೆಯೇ ಅದನ್ನು ಜರುಗಿಸುತ್ತಾರೆ. ಡಾಕ್ಟರರ ಮಾತಿನಲ್ಲಿ ಈ ಪಟ್ಟಿಯೇ ಪೆಡಿಕಲ್. ಅದು ಮೇಲಿನಿಂದ ಬಂದಿದೆಯೇ, ಕೆಳಗಿನಿಂದಲೇ, ಒಳಬದಿಯಿಂದಲೇ ಎಂಬುದು ಆಪರೇಷನ್ ನೋಟ್‌ನಲ್ಲಿ ಬಿಟ್ಟರೆ ಎಲ್ಲೂ ಸಿಗುವುದಿಲ್ಲ. ಹೊರಗಿನ ಕಲೆ ನೋಡಿ ಖಚಿತವಾಗಿ ಹೇಳಲಾಗದು. ಎರಡನೇ ಸಲ ಗೊತ್ತಿಲ್ಲದೆ ಅದೇ ಜಾಗ ಕೊಯ್ದರೆ ರಕ್ತ ಸಂಚಾರ ನಿಂತು ತೊಟ್ಟು ಕೊಳೆಯಬಹುದು. ನೋಟ್ ಸಿಗದಿದ್ದರೆ ಎಚ್ಚರವಿರುವ ಸರ್ಜನ್ ತೊಟ್ಟನ್ನು ಹೆಚ್ಚು ಜರುಗಿಸಲು ಒಪ್ಪುವುದಿಲ್ಲ.

ಆದ್ದರಿಂದ ಆಪರೇಷನ್ ನೋಟ್, ಅರಿವಳಿಕೆ ದಾಖಲೆ, ಒಪ್ಪಿಗೆ ಪತ್ರ, ಮುಂಚಿನ ಫೋಟೊಗಳು, ಇಂಪ್ಲಾಂಟ್ ಇಟ್ಟಿದ್ದರೆ ಅದರ ಕಾರ್ಡ್, ಅಂಗಾಂಶ ತೆಗೆದು ಪರೀಕ್ಷೆಗೆ ಕಳಿಸಿದ್ದರೆ ಅದರ ವರದಿ, ಇಷ್ಟನ್ನೂ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿ ದಾಖಲೆಗಳನ್ನು 3 ವರ್ಷ ಇಟ್ಟಿರಬೇಕು. ಆ ಅವಧಿ ದಾಟುವವರೆಗೆ ಸುಮ್ಮನಿರಬೇಡಿ.

ಯಾವುದು ಸರಿಹೋಗುತ್ತದೆ

ಕಲೆಯ ತುದಿಯಲ್ಲಿ ಎದ್ದ ಚರ್ಮದ ಗುಬುಟು, ಅಗಲಗೊಂಡ ಕಲೆ, ತೊಟ್ಟಿನ ಸುತ್ತ ಹಿಗ್ಗಿದ ಕಪ್ಪು ವೃತ್ತ: ಇವನ್ನು ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಸರಿಪಡಿಸಬಹುದು. ಒಂದು ಕಡೆ ಸಣ್ಣದಾದರೆ ಹೊಟ್ಟೆ ಅಥವಾ ತೊಡೆಯ ಕೊಬ್ಬು ತುಂಬುತ್ತಾರೆ. ತುಂಬಿದ್ದರಲ್ಲಿ ಒಂದು ಪಾಲು ಕರಗುವುದರಿಂದ ಮತ್ತೊಮ್ಮೆ ತುಂಬಬೇಕಾಗಬಹುದು. ಕೆಳಭಾಗ ಜಾರಿ ತೊಟ್ಟು ಮೇಲಕ್ಕೆ ಮುಖ ಮಾಡಿದ್ದರೆ ಕೆಳಗಿನ ಮಡಿಕೆಯಲ್ಲಿ ಚರ್ಮ ತೆಗೆದು ಬಿಗಿಗೊಳಿಸಬೇಕು. ಎಲ್ಲಕ್ಕಿಂತ ಕಷ್ಟ, ತೀರಾ ಮೇಲೆ ಕೂತ ತೊಟ್ಟನ್ನು ಕೆಳಗಿಳಿಸುವುದು. ಇಳಿಸಿದರೂ ಅದರ ಮೇಲೆ ಬಟ್ಟೆಯಂಚಿನಲ್ಲಿ ಕಾಣುವ ಕಲೆ ಉಳಿಯುತ್ತದೆ.

ಮಗು ಬೇಕೆಂದಿದ್ದರೆ ಮರು ಆಪರೇಷನ್ ಬಾಣಂತನ, ಹಾಲೂಡಿಕೆ ಮುಗಿದು ಕೆಲವು ತಿಂಗಳಾದ ಮೇಲೆ ಆಗಲಿ. ತೂಕ ನಿಂತಿರಲಿ. ಸಿಗರೇಟು ಮಾತ್ರವಲ್ಲ, ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿಯನ್ನೂ ಆಪರೇಷನ್‌ಗೆ ಮುಂಚೆ ಮತ್ತು ನಂತರ ನಾಲ್ಕು ವಾರವಾದರೂ ಬಿಡಬೇಕು. ನಿಕೋಟಿನ್ ಯಾವ ರೂಪದಲ್ಲಿ ಬಂದರೂ ರಕ್ತನಾಳ ಕುಗ್ಗಿಸುತ್ತದೆ. ಹೊಸ ಗಂಟು ಕಂಡರೆ ‘ಆಪರೇಷನ್ ಗಂಟು’ ಎಂದು ತಳ್ಳಿಹಾಕದೆ ಸ್ಕ್ಯಾನ್ ಮಾಡಿಸಿ, ಸ್ಕ್ಯಾನ್ ಮಾಡುವವರಿಗೂ ಲಿಫ್ಟ್ ಆದದ್ದನ್ನು ತಿಳಿಸಿ. ವಯಸ್ಸು 40 ದಾಟಿದ್ದರೆ ಮರು ಆಪರೇಷನ್‌ಗೆ ಮುಂಚೆ ಮ್ಯಾಮೊಗ್ರಾಮ್ ಇರಲಿ.

ಯಾರಲ್ಲಿ, ಎಲ್ಲಿ

ಮೊದಲು ಆಪರೇಷನ್ ಮಾಡಿದವರನ್ನೇ ಕಾಣಿ. ಸಣ್ಣ ತಿದ್ದುಪಡಿಗೆ ಸರ್ಜನ್ ಶುಲ್ಕ ಬಿಡುವವರಿದ್ದಾರೆ. ಆಮೇಲೆ ಬೇರೊಬ್ಬರ ಅಭಿಪ್ರಾಯ ಪಡೆಯಿರಿ. ‘ಕಾಸ್ಮೆಟಿಕ್ ಸರ್ಜನ್’ ಎಂಬ ಬೋರ್ಡ್ ಪದವಿಯಲ್ಲ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಇದೆಯೇ ನೋಡಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಆಸ್ಪತ್ರೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಇರಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸರ್ಕಾರಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ತಪಾಸಣೆಗೆ ಅಲೆಯುವುದು ಭಾರವಲ್ಲ, ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಬಸ್ಸಿದೆ.

ಐಸಿಯು ಅಲ್ಲೇ ಇದೆಯೇ, ಅರಿವಳಿಕೆ ತಜ್ಞರು ಯಾರು ಎಂದು ಕೇಳಲು ನಾಚಿಕೆ ಬೇಡ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ, 21 ವರ್ಷದ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಅವರನ್ನು ಕೊನೆಗೆ ಬೇರೆ ಆಸ್ಪತ್ರೆಗೆ ಒಯ್ಯಲಾಗಿತ್ತು. ಅದು ಬೇರೆ ಆಪರೇಷನ್, ಆದರೆ ಕೇಳಬೇಕಾದ ಪ್ರಶ್ನೆಗಳು ಇವೇ.

ಹಣ, ದೂರು

ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಬಿಲ್ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಹೇಳಿದ ಮೊತ್ತದಲ್ಲಿ ತೆರಿಗೆ ಸೇರಿದೆಯೇ ಎಂದು ಬರೆಸಿಕೊಳ್ಳಿ.

ಆಕಾರ ಇಷ್ಟವಾಗಲಿಲ್ಲ ಎಂಬುದಷ್ಟೇ ನಿರ್ಲಕ್ಷ್ಯವಾಗದು. ಅಪಾಯಗಳನ್ನು ತಿಳಿಸದೆ ಸಹಿ ಹಾಕಿಸಿಕೊಂಡಿದ್ದರೆ, ಒಪ್ಪದ್ದನ್ನು ಮಾಡಿದ್ದರೆ, ಸೋಂಕನ್ನು ಕಡೆಗಣಿಸಿದ್ದರೆ ದೂರಿಗೆ ಆಧಾರವಿದೆ. ಆಸ್ಪತ್ರೆಯ ವಿರುದ್ಧವಾದರೆ ಅದು ಇರುವ ಜಿಲ್ಲೆಯ ಕೆಪಿಎಂಇ ಪ್ರಾಧಿಕಾರಕ್ಕೆ, ವೈದ್ಯರ ವಿರುದ್ಧವಾದರೆ ವೈದ್ಯಕೀಯ ಪರಿಷತ್ತಿಗೆ. ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ವಾಸಿಸುವ ಊರಲ್ಲೇ ದಾವೆ ಹೂಡಬಹುದು. ಆಪರೇಷನ್ ಬೆಂಗಳೂರಲ್ಲಾಗಿದ್ದರೂ ತುಮಕೂರಿನ ಜಿಲ್ಲಾ ಆಯೋಗ ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಗಡುವು 2 ವರ್ಷ. ಕಲೆ ಮಾಗಲೆಂದು ವರ್ಷ, ಒಂದೂವರೆ ವರ್ಷ ಕಾಯುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಂಡು, ಕಾಯುತ್ತಿರುವಾಗಲೇ ವಕೀಲರನ್ನು ಕಂಡಿರಬೇಕು.