ವರ್ಚುವಲ್ ರಿಯಾಲಿಟಿ ಮತ್ತು ದೂರಸಂವಹನ
1968ರಲ್ಲಿ ಇವಾನ್ ಸದರ್ಲೆಂಡ್ ರಚಿಸಿದ, ತಲೆಗೆ ತೊಡುವ ದೃಶ್ಯಯಂತ್ರದ ಪರಂಪರೆಗೆ ಸೇರಿದ ವರ್ಚುವಲ್ ರಿಯಾಲಿಟಿಯು, ಎರಡು ಕಣ್ಣುಗಳಿಗೆ ಅಲ್ಪಭೇದವುಳ್ಳ ಎರಡು ಚಿತ್ರಗಳನ್ನು ತೋರಿ, ತಲೆಯ ಚಲನೆಗೆ ಅನುಗುಣವಾಗಿ ಅವನ್ನು ಒಡನೆಯೇ ಮಾರ್ಪಡಿಸುತ್ತ, ದೂರಸ್ಥನಾದವನಲ್ಲಿಯೂ ಸಾನ್ನಿಧ್ಯದ ಪ್ರತೀತಿಯನ್ನು ಉಂಟುಮಾಡುವುದು. ಈ ಮಾರ್ಪಾಡು ಸುಮಾರು 20 ಮಿಲಿಸೆಕೆಂಡಿಗಿಂತ ತಡವಾದರೆ ತಲೆಸುತ್ತು ಬರುವುದುಂಟು.

ಇಂಥ ಸಾನ್ನಿಧ್ಯದ ಪ್ರತೀತಿ ಯಾರಿಗೆ ಒದಗಬಹುದೆಂಬುದಕ್ಕೆ ಒಂದು ನಿದರ್ಶನ ನೋಡೋಣ. ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಆರಾಧಿಸುವ ಕ್ಷೇತ್ರ. ಫೆಬ್ರವರಿಯ ಜಯಂತಿಗೆ ನೆರೆರಾಜ್ಯಗಳಿಂದಲೂ ಭಕ್ತರು ಬರುವರು. ಕಬ್ಬು ಕಡಿಯಲು ದೂರದ ಊರುಗಳಿಗೆ ವಲಸೆ ಹೋದ ತಾಂಡಾದವರಿಗೆ (ತಾಂಡಾ ಎಂದರೆ ಬಂಜಾರರ ವಸತಿ), 360 ಡಿಗ್ರಿ ಕ್ಯಾಮೆರಾದ ಮೂಲಕ ಆ ಉತ್ಸವದ ನಡುವೆಯೇ ನಿಂತು ಸುತ್ತಲೂ ನೋಡುವ ಅವಕಾಶ ದೊರೆಯುವುದಾದರೆ, ಅದುವೇ ಈ ವಿದ್ಯೆಯ ಅತ್ಯಂತ ಸಾರ್ಥಕ ವಿನಿಯೋಗವೆಂದು ನನ್ನ ದೃಢವಾದ ಅಭಿಪ್ರಾಯ; ಆದರೆ ವಿಪುಲವಾದ ದೃಶ್ಯದತ್ತಾಂಶವನ್ನು ವಿಳಂಬವಿಲ್ಲದೆ ಒಯ್ಯಬಲ್ಲ ಅಂತರ್ಜಾಲವು ಮೊದಲು ಅವರು ವಲಸೆ ಹೋದ ಊರುಗಳನ್ನು ತಲುಪಬೇಕು.