ವಿಷ ಹೀರುವ ಜರಿಗಿಡ: ಕೊಯ್ದ ಸೊಪ್ಪು ಎಲ್ಲಿ ಹಾಕೋಣ?

ಹಳೇ ಬಾವಿಯ ಒಳಗೋಡೆ, ಗಾರೆ ಉದುರಿದ ಕಲ್ಲುಸಂದಿ ಇಂಥ ಕಡೆ ಉದ್ದನೆಯ ಗರಿಯ ಜರಿಗಿಡ ಬೆಳೆದಿರುವುದನ್ನು ನೀವೂ ನೋಡಿರಬಹುದು. ಹೂವಿಲ್ಲ, ಕಾಯಿಲ್ಲ. ನಾನಂತೂ ಬಾವಿಗಿಳಿದಾಗಲೆಲ್ಲ ಕಿತ್ತು ಎಸೆದವನೇ. ಇದರಲ್ಲೇ ಒಂದು ಜಾತಿ ಟೆರಿಸ್ ವಿಟ್ಟಾಟಾ. ಅದರ ಮೇಲೆ ಅಮೆರಿಕದಲ್ಲಿ ನಡೆದ ಸಂಶೋಧನೆಯನ್ನು ಕೃಷಿ ಕಾಲೇಜಿನಲ್ಲಿ ಓದುವ ನನ್ನ ಅಣ್ಣನ ಮಗ ತಿಳಿಸಿ ಹೇಳಿದ. ನನಗೆ ಅರ್ಥವಾದಷ್ಟು ಬರೆದಿದ್ದೇನೆ.

ಫ್ಲಾರಿಡಾ ರಾಜ್ಯದಲ್ಲಿ ಒಂದು ಹಾಳುಬಿದ್ದ ಜಾಗ. 1951ರಿಂದ 1962ರವರೆಗೆ ಅಲ್ಲಿ ಮರದ ಕಂಬ, ಹಲಗೆಗಳು ಹಾಳಾಗದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣ ಕುಡಿಸುತ್ತಿದ್ದರು. ಕಾರ್ಖಾನೆ ಮುಚ್ಚಿತು, ಆರ್ಸೆನಿಕ್ ಮಾತ್ರ ಮಣ್ಣಲ್ಲೇ ಉಳಿಯಿತು. ಆರ್ಸೆನಿಕ್ ಅಂದರೆ ನಾವು ಪಾಷಾಣ ಅನ್ನುವುದರಲ್ಲಿ ಇರುವ ವಿಷ. ಅದು ಮೂಲಧಾತು. ಕೊಳೆತರೂ ಹೋಗದು, ಸುಟ್ಟರೂ ನಾಶವಾಗದು.

ಫ್ಲಾರಿಡಾ ವಿಶ್ವವಿದ್ಯಾಲಯದ ಮಣ್ಣುವಿಜ್ಞಾನಿ ಲೀನಾ ಮಾ ಮತ್ತು ಜೊತೆಗಾರರು ಆ ಜಾಗದಲ್ಲಿ ತಾವಾಗಿ ಬೆಳೆದಿದ್ದ 14 ಜಾತಿಯ ಗಿಡ ಪರೀಕ್ಷಿಸಿದರು. ಈ ಜರಿಗಿಡ ಒಂದರಲ್ಲೇ ಆರ್ಸೆನಿಕ್ ವಿಪರೀತ ಇತ್ತು. 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ವಿಷ ಬೆರೆಸಿದ ಮಣ್ಣಿನಲ್ಲಿ ನೆಟ್ಟು ನೋಡಿದಾಗ ಎರಡೇ ವಾರದಲ್ಲಿ ಗರಿಯೊಳಗಿನ ಆರ್ಸೆನಿಕ್ 29.4 ಪಿಪಿಎಂನಿಂದ 15,861ಕ್ಕೆ ಏರಿತಂತೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕಿಲೋ ಒಣಗರಿಯಲ್ಲಿ ಹತ್ತಿರ ಹತ್ತಿರ 16 ಗ್ರಾಂ ವಿಷ! ಬೇರೆ ಗಿಡವಾಗಿದ್ದರೆ ಸತ್ತೇ ಹೋಗುತ್ತಿತ್ತು.

ಗಿಡ ಅದನ್ನು ಯಾಕೆ ಹೀರುತ್ತದೆ? ಇಲ್ಲಿ ರೈತರಿಗೆ ಗೊತ್ತಿರಬೇಕಾದ ಮಾತಿದೆ. ಆರ್ಸೆನಿಕ್ಕಿನ ಒಂದು ರೂಪ ರಂಜಕವನ್ನು, ಅಂದರೆ ನಾವು ಡಿಎಪಿಯಲ್ಲಿ ಕೊಡುವ ಫಾಸ್ಫೇಟನ್ನು, ತುಂಬ ಹೋಲುತ್ತದೆ. ಬೇರು ಎರಡನ್ನೂ ಒಂದೇ ಬಾಗಿಲಲ್ಲಿ ಒಳಗೆ ಬಿಡುತ್ತದೆ. ಬೇರೆ ಬೆಳೆಗಳಲ್ಲಿ ಒಳಹೊಕ್ಕ ವಿಷ ಹೆಚ್ಚಿನಪಾಲು ಬೇರಲ್ಲೇ ನಿಲ್ಲುತ್ತದೆ. ಜರಿಗಿಡ ಮಾತ್ರ ಮೇಲಕ್ಕೆ ಕಳಿಸಿ ಗರಿಯಲ್ಲಿ ಕೂಡಿಡುತ್ತದೆ. ಹೀರಿದ್ದರಲ್ಲಿ ನೂರಕ್ಕೆ 93 ಪಾಲಿನವರೆಗೂ ಗರಿಯಲ್ಲೇ ಸಿಕ್ಕಿದೆ. ಹಾಗಾಗಿ ಬುಡ ಬಿಟ್ಟು ಗರಿ ಕೊಯ್ದರೆ ಸಾಕು, ಮತ್ತೆ ಚಿಗುರುತ್ತದೆ. ಮೇವಿನ ಹುಲ್ಲು ಕೊಯ್ದ ಹಾಗೆ.

ಕೇಳಿ ನನಗೆ ಖುಷಿಯಾಯಿತು. ‘ಹಂಗಾದ್ರ ಕೊಯ್ದು ತಿಪ್ಪಿಗೆ ಹಾಕಿದ್ರಾತು’ ಅಂದೆ. ಹುಡುಗ ನಕ್ಕ. ‘ಕಾಕಾ, ಗಿಡ ವಿಷ ಅರಗಿಸ್ಕೊಳ್ಳಂಗಿಲ್ಲ, ಬರೇ ಹೊತ್ಕೊಂಡು ನಿಂದ್ರತದ’ ಅಂದ. ನಮ್ಮ ಕೈ ಹಸಿರು ಕಂಡದ್ದನ್ನೆಲ್ಲ ತಿಪ್ಪೆಗೋ ದನಕ್ಕೋ ಹಾಕುವ ಕೈ. ಈ ಗರಿ ತಿಪ್ಪೆಗೆ ಬಿದ್ದರೆ ಗೊಬ್ಬರದ ಜೊತೆ ವಿಷ ಇನ್ನೊಂದು ಹೊಲಕ್ಕೆ ಹೋಯಿತು. ಬದುವಿನಲ್ಲಿ ರಾಶಿ ಹಾಕಿದರೆ ಮಳೆನೀರಿಗೆ ಕರಗಿ ಇಳಿಯಿತು. ಒಲೆಗೆ ಹಾಕಿದರೆ ಹೊಗೆಯಲ್ಲಿ ಹೊರಟಿತು. ಮಲಿನ ಜಾಗದ ಗರಿಯನ್ನು ಅಪಾಯದ ಕಸವೆಂದೇ ಬೇರೆ ಕಟ್ಟಿ ಸಾಗಿಸಬೇಕು. ಗಿಡ ಬೆಳೆಸುವುದಕ್ಕಿಂತ ಈ ಕೆಲಸವೇ ತ್ರಾಸಿನದು ಅಂತ ನನಗನ್ನಿಸುತ್ತದೆ.

ಅವಸರದ ಕೆಲಸವೂ ಅಲ್ಲ. ಫ್ಲಾರಿಡಾದ ಅದೇ ಜಾಗದಲ್ಲಿ ಜರಿಗಿಡ ನೆಟ್ಟು ಎರಡು ವರ್ಷ ಕೊಯ್ದು ನೋಡಿದ್ದಾರೆ. ಮೇಲುಮಣ್ಣಿನ ಆರ್ಸೆನಿಕ್ ಕಿಲೋಗೆ 190 ಮಿಲಿಗ್ರಾಂ ಇದ್ದದ್ದು 140ಕ್ಕೆ ಬಂತು, ಅಷ್ಟೆ.

ಈ ವಿಷಯ ನಮಗೆ ದೂರದ್ದಲ್ಲ. ರಾಯಚೂರು, ಯಾದಗಿರಿ ಕಡೆ ಚಿನ್ನದ ಅದಿರಿನ ನೆಲದಲ್ಲಿ ಕಲ್ಲಿನೊಳಗೇ ಆರ್ಸೆನಿಕ್ ಇದೆ. ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲೂ ಸಿಕ್ಕಿದೆ. ಸುರಪುರ ಭಾಗದ ಕಿರದಳ್ಳಿ ತಾಂಡಾದಲ್ಲಿ ಜನರ ಚರ್ಮದ ಮೇಲೆ ಅದರ ಗುರುತು ಕಂಡದ್ದನ್ನು 2013ರಲ್ಲಿ ವಿಜ್ಞಾನಿಗಳು ಬರೆದಿದ್ದಾರೆ. ಆದರೆ ಹೊಲದಲ್ಲಿ ನೆಟ್ಟ ಜರಿಗಿಡದ ಕೆಲಸ ಬೇರು ಎಟುಕುವ ಮಣ್ಣಿನಲ್ಲಿ ಮಾತ್ರ. ನೂರಾರು ಅಡಿ ಆಳದ ನೀರಿಗೆ ಅದು ಮದ್ದಲ್ಲ. ಮೇಲಾಗಿ ಅದಕ್ಕೆ ತೇವ ಬೇಕು, ಮಳೆ ನಂಬಿದ ಎರೆಹೊಲದಲ್ಲಿ ಬೇಸಿಗೆ ದಾಟುವುದು ಕಷ್ಟ. ಅಂಥ ಊರಿನವರು ಮೊದಲು ಕುಡಿಯುವ ನೀರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಆರ್ಸೆನಿಕ್ಕಿಗೆ ಬಣ್ಣವಿಲ್ಲ, ರುಚಿಯಿಲ್ಲ, ನಾಲಗೆಗೆ ಗೊತ್ತಾಗುವುದಿಲ್ಲ. ಕಾಯಿಸಿದರೂ ಹೋಗುವುದಿಲ್ಲ.